ಇಂಪ್ಲಾಂಟಿನ ಪಕ್ಕದ ಮೂಳೆ: ಎರಡು ಸ್ಕ್ಯಾನ್, ಎರಡು ಅಳತೆ, ಯಾವುದು ಸರಿ?

ಪ್ರಶ್ನೆ: ನನ್ನ ತಾಯಿಗೆ 67 ವರ್ಷ. ನಾವು ಮುಲುಂಡ್‌ನಲ್ಲಿದ್ದೇವೆ. ಕೆಳದವಡೆಯ ಬಲಗಡೆ ಅವರಿಗೆ ಎರಡು ವರ್ಷಗಳ ಹಿಂದೆ ಒಂದು ಇಂಪ್ಲಾಂಟ್ (ಮೂಳೆಯಲ್ಲಿ ಕೂರಿಸುವ ಕೃತಕ ಹಲ್ಲಿನ ಬೇರು) ಹಾಕಿಸಿದ್ದೆವು. ಈಗ ಅದರ ಹಿಂದಿನ ಜಾಗದಲ್ಲಿ ಇನ್ನೊಂದು ಹಾಕಬೇಕಾಗಿದೆ. ಹಳೆಯ ಇಂಪ್ಲಾಂಟಿನ ಮುಂದಿನ ಹಲ್ಲಿಗೆ ಲೋಹದ ಮೇಲೆ ಪಿಂಗಾಣಿ ಕೂರಿಸಿದ ಹಳೆಯ ಕ್ಯಾಪ್ ಇದೆ. ಎರಡು ಸೆಂಟರ್‌ಗಳಲ್ಲಿ ಸಿಬಿಸಿಟಿ (ಕೋನ್ ಬೀಮ್ ಸಿಟಿ, ಅಂದರೆ ದವಡೆಯ ಮೂರು ಆಯಾಮದ ಕ್ಷ-ಕಿರಣ ಚಿತ್ರ) ಸ್ಕ್ಯಾನ್ ಮಾಡಿಸಿದೆವು. ಹೊಸ ಇಂಪ್ಲಾಂಟ್ ಬರುವ ಜಾಗದಲ್ಲಿ ನರದ ನಾಳದವರೆಗೆ ಮೂಳೆಯ ಎತ್ತರ ಒಂದು ವರದಿಯಲ್ಲಿ 11.6 ಮಿಲಿಮೀಟರ್, ಇನ್ನೊಂದರಲ್ಲಿ 10.2 ಮಿಲಿಮೀಟರ್ ಎಂದಿದೆ. ಹಳೆಯ ಇಂಪ್ಲಾಂಟಿನ ಕೆನ್ನೆಯ ಕಡೆ ಮೂಳೆಯೇ ಇಲ್ಲ ಎಂದು ಮೊದಲನೆಯ ವರದಿ ಹೇಳಿದರೆ, ‘ಲೋಹದ ಆರ್ಟಿಫ್ಯಾಕ್ಟ್‌ನಿಂದಾಗಿ ಖಚಿತವಾಗಿ ಹೇಳಲಾಗದು’ ಎಂದು ಎರಡನೆಯದು ಹೇಳುತ್ತದೆ (ಆರ್ಟಿಫ್ಯಾಕ್ಟ್ ಎಂದರೆ ಚಿತ್ರದಲ್ಲಿ ಮೂಡುವ ಸುಳ್ಳು ಗುರುತು). ನಾವು ಯಾವುದನ್ನು ನಂಬಬೇಕು? ಮೂರನೆಯ ಸಲ ಸ್ಕ್ಯಾನ್ ಮಾಡಿಸಬೇಕೆ?

ಉತ್ತರ: ಮೊದಲು ನಿಮಗೆ ತಕ್ಷಣ ಬೇಕಾದದ್ದನ್ನು ಹೇಳಿಬಿಡುತ್ತೇನೆ. ಮೂರನೆಯ ಸ್ಕ್ಯಾನಿಗೆ ಈಗಲೇ ಹೋಗಬೇಡಿ. ವ್ಯತ್ಯಾಸಕ್ಕೆ ಕಾರಣ ತಿಳಿಯುವವರೆಗೆ 10.2 ಮಿಲಿಮೀಟರನ್ನೇ ನಿಜವೆಂದು ಹಿಡಿದು ನಿಮ್ಮ ದಂತವೈದ್ಯರು ಮುಂದಿನ ಯೋಚನೆ ಮಾಡಲಿ. ಹಳೆಯ ಇಂಪ್ಲಾಂಟಿನ ಕೆನ್ನೆಯ ಕಡೆ ಮೂಳೆಯಿಲ್ಲ ಎಂಬ ಮಾತನ್ನು ಆ ಒಂದು ಚಿತ್ರದ ಆಧಾರದ ಮೇಲೆ ಒಪ್ಪಿಕೊಳ್ಳಬೇಡಿ. ಎರಡನೆಯ ವರದಿ ಬರೆದವರು ಹೇಳಲಾಗದ್ದನ್ನು ಹೇಳಲಾಗದು ಎಂದೇ ಬರೆದಿದ್ದಾರೆ. ಅದನ್ನು ಅವರ ಅನುಭವದ ಕೊರತೆ ಎಂದು ತಿಳಿಯುವುದು ಸರಿಯಲ್ಲ.

ಸಣ್ಣ ಸಂಖ್ಯೆಯನ್ನೇ ಏಕೆ ಹಿಡಿಯಬೇಕು ಎಂಬುದಕ್ಕೆ ಲೆಕ್ಕ ಸರಳವಾಗಿದೆ. ಕೆಳದವಡೆಯ ಮೂಳೆಯೊಳಗೆ ಹರಿಯುವ ನರದ ನಾಳಕ್ಕೂ ಇಂಪ್ಲಾಂಟಿನ ತುದಿಗೂ ನಡುವೆ ಕನಿಷ್ಠ 2 ಮಿಲಿಮೀಟರ್ ಮೂಳೆ ಉಳಿಯಬೇಕೆಂಬುದು ನಮ್ಮ ವೃತ್ತಿಯಲ್ಲಿ ಎಲ್ಲರೂ ಪಾಲಿಸುವ ನಿಯಮ. ಹಾಗಾದರೆ 11.6ರಲ್ಲಿ 9.6 ಉಳಿಯುತ್ತದೆ, 10.2ರಲ್ಲಿ 8.2 ಉಳಿಯುತ್ತದೆ. ಮೊದಲನೆಯ ಸಂಖ್ಯೆಯನ್ನು ನಂಬಿದವರು 9.5 ಮಿಲಿಮೀಟರ್ ಉದ್ದದ ಇಂಪ್ಲಾಂಟನ್ನು ಆರಿಸಬಹುದು, ಎರಡನೆಯದನ್ನು ನಂಬಿದವರು 8 ಮಿಲಿಮೀಟರಿನದನ್ನು. ನಿಜವಾದ ಎತ್ತರ 10.2 ಆಗಿದ್ದು 9.5ರ ಇಂಪ್ಲಾಂಟ್ ಹಾಕಿದರೆ ನಡುವೆ ಉಳಿಯುವುದು 0.7 ಮಿಲಿಮೀಟರ್ ಮಾತ್ರ. ಅದೂ ಸಾಲದೆಂಬಂತೆ, ಹಲವು ಕಂಪನಿಗಳ ಡ್ರಿಲ್ಲಿನ ಮೊನೆ ಇಂಪ್ಲಾಂಟಿಗಿಂತ ತುಸು ಆಳಕ್ಕೆ ಇಳಿಯುವಂತೆಯೇ ಮಾಡಿರುತ್ತಾರೆ. ಆ ನರಕ್ಕೆ ಪೆಟ್ಟಾದರೆ ಕೆಳತುಟಿ ಮತ್ತು ಗದ್ದ ತಿಂಗಳುಗಟ್ಟಲೆ, ಕೆಲವರಿಗೆ ಶಾಶ್ವತವಾಗಿಯೇ, ಮರಗಟ್ಟಿದಂತೆ ಇರುತ್ತದೆ. ಕುಡಿದ ಚಹಾ ತುಟಿಯ ಅಂಚಿನಿಂದ ಸೋರಿದರೂ ಅರಿವಾಗದ ಸ್ಥಿತಿ ಅದು. 8 ಮಿಲಿಮೀಟರಿನ ಇಂಪ್ಲಾಂಟ್ ಸರಿಯಾದ ಮೂಳೆಯಲ್ಲಿ ಚೆನ್ನಾಗಿಯೇ ನಿಲ್ಲುತ್ತದೆ. ಆದ್ದರಿಂದ ಇಲ್ಲಿ ಉದ್ದದ ಆಸೆಗೆ ಬೀಳುವ ಅಗತ್ಯವಿಲ್ಲ.

ಇನ್ನು, ಒಬ್ಬರದೇ ದವಡೆಯಲ್ಲಿ ಎರಡು ಅಳತೆ ಹೇಗೆ ಬಂತು ಎಂಬ ಪ್ರಶ್ನೆ. ಸ್ಕ್ಯಾನಿನ ಚಿತ್ರವನ್ನು ನಾವು ಫೋಟೋದಂತೆ ನೋಡುತ್ತೇವೆ, ಆದರೆ ಅದು ಫೋಟೋ ಅಲ್ಲ. ಯಂತ್ರ ತಲೆಯ ಸುತ್ತ ತಿರುಗುತ್ತಾ ಕೆಲವು ನೂರು ಕ್ಷ-ಕಿರಣ ಚಿತ್ರಗಳನ್ನು ತೆಗೆಯುತ್ತದೆ. ಪ್ರತಿಯೊಂದು ಕಿರಣ ಎಷ್ಟು ಕ್ಷೀಣವಾಗಿ ಹೊರಬಂತು ಎಂಬುದರಿಂದ ಒಳಗೆ ಎಲ್ಲೆಲ್ಲಿ ಏನಿದೆ ಎಂದು ಕಂಪ್ಯೂಟರ್ ಲೆಕ್ಕ ಹಾಕಿ ಚಿತ್ರ ಕಟ್ಟುತ್ತದೆ. 1984ರಲ್ಲಿ ಫೆಲ್ಡ್‌ಕ್ಯಾಂಪ್, ಡೇವಿಸ್ ಮತ್ತು ಕ್ರೆಸ್ ಎಂಬ ಮೂವರು ಪ್ರಕಟಿಸಿದ ಲೆಕ್ಕದ ವಿಧಾನವೇ ಇಂದಿಗೂ ಬಹುಪಾಲು ಕೋನ್ ಬೀಮ್ ಯಂತ್ರಗಳ ತಳಹದಿ. ಈ ಲೆಕ್ಕದೊಳಗೆ ಒಂದು ಊಹೆ ಅಡಗಿದೆ: ಹೊರಟ ಕಿರಣಗಳೆಲ್ಲ ಒಂದೇ ಶಕ್ತಿಯವು ಎಂಬ ಊಹೆ. ಹಲ್ಲು, ಮೂಳೆ, ಮಾಂಸಗಳ ಮಟ್ಟಿಗೆ ಈ ಊಹೆಯಿಂದ ದೊಡ್ಡ ತೊಂದರೆಯಿಲ್ಲ. ಲೋಹ ಬಂದಾಗ ಅದು ಮುರಿದುಬೀಳುತ್ತದೆ.

ಟ್ಯೂಬಿನಿಂದ ಹೊರಡುವ ಕಿರಣಗಳಲ್ಲಿ ದುರ್ಬಲವಾದವೂ ಪ್ರಬಲವಾದವೂ ಬೆರೆತಿರುತ್ತವೆ. ಲೋಹ ಇವುಗಳಿಗೆ ಜರಡಿಯಂತೆ. ಜರಡಿ ಹಿಡಿದಾಗ ಸಣ್ಣದು ಕೆಳಗಿಳಿದು ದಪ್ಪನೆಯದು ಮೇಲೆ ಉಳಿಯುತ್ತದೆ. ಇಲ್ಲಿ ದುರ್ಬಲ ಕಿರಣಗಳು ಲೋಹದಲ್ಲೇ ಉಳಿದು ಪ್ರಬಲವಾದವು ಮಾತ್ರ ದಾಟಿಹೋಗುತ್ತವೆ. ಹೀಗೆ ಗಡುಸಾದ ಕಿರಣ ಮುಂದಿನ ಮೂಳೆಯನ್ನು ಸಲೀಸಾಗಿ ಹಾದುಹೋಗುವುದರಿಂದ, ಅಲ್ಲಿ ಮೂಳೆ ಕಡಿಮೆಯಿದೆ ಎಂದು ಕಂಪ್ಯೂಟರ್ ತಪ್ಪಾಗಿ ಎಣಿಸುತ್ತದೆ. ಎರಡು ಲೋಹಗಳ ನಡುವೆ ಕಾಣುವ ಕಪ್ಪು ಪಟ್ಟೆ ಹುಟ್ಟುವುದು ಹೀಗೆ. ಲೋಹ ಬಹಳ ದಪ್ಪವಿದ್ದರೆ ಕಿರಣ ದಾಟುವುದೇ ಇಲ್ಲ. ಆ ದಿಕ್ಕಿನ ಮಾಹಿತಿಯೇ ಇಲ್ಲದೆ ಬಿಳಿ-ಕಪ್ಪು ಗೆರೆಗಳು ಸೂರ್ಯನ ಕಿರಣಗಳಂತೆ ಸುತ್ತಲೂ ಚಿಮ್ಮುತ್ತವೆ. ಅದರ ಮೇಲೆ ಚದುರಿದ ಕಿರಣಗಳ ಮಬ್ಬು ಬೇರೆ.

ಎಲ್ಲ ಲೋಹಗಳೂ ಸಮಾನವಲ್ಲ. ಟೈಟಾನಿಯಂನ ಪರಮಾಣು ಸಂಖ್ಯೆ 22, ಮೂಳೆಯಲ್ಲಿರುವ ಕ್ಯಾಲ್ಸಿಯಂನದು 20. ಹಾಗಾಗಿ ಲೋಹಗಳ ಪೈಕಿ ಟೈಟಾನಿಯಂ ಸಾಧುವಾದದ್ದೆಂದೇ ಹೇಳಬೇಕು. ಬಿಳಿಯದು, ಲೋಹವಲ್ಲ, ಆದ್ದರಿಂದ ಸ್ಕ್ಯಾನಿಗೆ ಒಳ್ಳೆಯದು ಎಂದು ಅನೇಕರು ನಂಬಿರುವ ಜಿರ್ಕೋನಿಯಾದಲ್ಲಿರುವ ಜಿರ್ಕೋನಿಯಂನ ಸಂಖ್ಯೆ 40. ಅದು ಟೈಟಾನಿಯಂಗಿಂತ ಹೆಚ್ಚು ಗೆರೆಗಳನ್ನು ಎಬ್ಬಿಸುತ್ತದೆ. ಬೆಳ್ಳಿ-ಪಾದರಸದ ಹಳೆಯ ಫಿಲ್ಲಿಂಗ್ ಮತ್ತು ಚಿನ್ನದ ಕ್ಯಾಪ್ ಇನ್ನೂ ಕಷ್ಟದವು: ಪಾದರಸದ ಸಂಖ್ಯೆ 80, ಚಿನ್ನದ್ದು 79. ನಿಮ್ಮ ತಾಯಿಯವರ ವಿಷಯದಲ್ಲಿ ನನ್ನ ಅನುಮಾನ ಮೊದಲು ಹೋಗುವುದು ಇಂಪ್ಲಾಂಟಿನ ಮೇಲಲ್ಲ, ಪಕ್ಕದ ಆ ಹಳೆಯ ಕ್ಯಾಪಿನ ಮೇಲೆ. ಇಂಥ ಕ್ಯಾಪ್‌ಗಳ ಒಳಗವಚ ಸಾಮಾನ್ಯವಾಗಿ ನಿಕಲ್-ಕ್ರೋಮಿಯಂ ಅಥವಾ ಕೋಬಾಲ್ಟ್-ಕ್ರೋಮಿಯಂ ಮಿಶ್ರಲೋಹದ್ದಾಗಿರುತ್ತದೆ. ಅದಕ್ಕೂ ಇಂಪ್ಲಾಂಟಿನ ಮೇಲಿನ ಕ್ಯಾಪಿಗೂ ನಡುವೆ ಕಪ್ಪು ಪಟ್ಟೆ ಬೀಳುವುದು ಸಹಜ.

ಅಳತೆಯ ದೃಷ್ಟಿಯಿಂದ ಗೆರೆಗಳಿಗಿಂತ ಅಪಾಯಕಾರಿಯಾದ ಇನ್ನೊಂದು ದೋಷವಿದೆ. ಗೆರೆ ಕಣ್ಣಿಗೆ ಕಾಣುತ್ತದೆ, ನಾವು ಎಚ್ಚರವಾಗುತ್ತೇವೆ. ಆದರೆ ಲೋಹ ತನ್ನ ನಿಜವಾದ ಗಾತ್ರಕ್ಕಿಂತ ದಪ್ಪವಾಗಿ ಕಾಣುವುದು ಯಾರ ಗಮನಕ್ಕೂ ಬಾರದೆ ನಡೆದುಹೋಗುತ್ತದೆ. ಹಣತೆಯ ಕುಡಿಯ ಸುತ್ತ ಪ್ರಭೆ ಕಾಣುವಂತೆ ಇಂಪ್ಲಾಂಟಿನ ಅಂಚು ಹೊರಕ್ಕೆ ಉಬ್ಬುತ್ತದೆ, ಉಬ್ಬಿದಷ್ಟು ಜಾಗದ ಮೂಳೆಯನ್ನು ನುಂಗುತ್ತದೆ. ಇದನ್ನು ಹಿಡಿಯುವ ಉಪಾಯ ಚಿತ್ರದೊಳಗೇ ಇದೆ. ಇಂಪ್ಲಾಂಟಿನ ಡಬ್ಬಿಯ ಜೊತೆ ಬರುವ ಸ್ಟಿಕ್ಕರ್‌ನಲ್ಲಿ ಅದರ ವ್ಯಾಸ, ಉದ್ದ, ಲಾಟ್ ನಂಬರ್ ಎಲ್ಲವೂ ಅಚ್ಚಾಗಿರುತ್ತದೆ. ಸ್ಟಿಕ್ಕರ್‌ನಲ್ಲಿ ವ್ಯಾಸ 4.1 ಮಿಲಿಮೀಟರ್ ಎಂದಿದ್ದು, ಪರದೆಯ ಮೇಲೆ ಅದೇ ಮಟ್ಟದಲ್ಲಿ ಅಳೆದಾಗ 4.6 ಬಂದರೆ, ಒಂದೊಂದು ಬದಿಯಲ್ಲೂ ಸುಮಾರು 0.25 ಮಿಲಿಮೀಟರ್ ಉಬ್ಬಿದೆ ಎಂದರ್ಥ. ಕೆನ್ನೆಯ ಕಡೆಯ ಮೂಳೆಯ ಗೋಡೆ ನಿಜವಾಗಿ 0.6 ಮಿಲಿಮೀಟರ್ ಇದೆ ಎಂದುಕೊಳ್ಳಿ. ಅದರಲ್ಲಿ 0.25 ಲೋಹದ ಪ್ರಭೆಯೊಳಗೆ ಹೋಯಿತು, ಉಳಿದದ್ದು 0.35. ಸ್ಕ್ಯಾನಿನ ಒಂದು ವಾಕ್ಸೆಲ್, ಅಂದರೆ ಚಿತ್ರದ ಅತಿ ಸಣ್ಣ ಘನಕಣ, 0.2 ಮಿಲಿಮೀಟರಿನದಾದರೆ, ಆ ಗೋಡೆ ಎರಡು ಕಣಗಳಷ್ಟೂ ದಪ್ಪವಿಲ್ಲ. ಹೊರಗಿನ ಒಸಡಿನ ಬೂದುಬಣ್ಣದಲ್ಲಿ ಅದು ಕರಗಿಹೋಗುತ್ತದೆ. ವರದಿಯಲ್ಲಿ ‘ಮೂಳೆ ಇಲ್ಲ’ ಎಂದು ಬರುತ್ತದೆ. ನನ್ನ ಅನುಭವದಲ್ಲಿ, ಒಂದು ಮಿಲಿಮೀಟರಿಗಿಂತ ತೆಳುವಾದ ಗೋಡೆ ಇಂಪ್ಲಾಂಟಿಗೆ ಅಂಟಿಕೊಂಡಿದ್ದಾಗ ಸಿಬಿಸಿಟಿಯಲ್ಲಿ ಕಾಣದಿದ್ದರೆ, ‘ಇಲ್ಲ’ ಎಂಬ ಪದವನ್ನು ಬಳಸಲೇಬಾರದು. ‘ಕಾಣುತ್ತಿಲ್ಲ’ ಎಂದಷ್ಟೇ ಬರೆಯಬೇಕು.

ಇದನ್ನು ನಾನು ತಪ್ಪಿನಿಂದಲೇ ಕಲಿತದ್ದು. ವೃತ್ತಿಯ ಮೊದಲ ವರ್ಷಗಳಲ್ಲಿ ಡೊಂಬಿವ್ಲಿಯಲ್ಲಿ ಹೋಟೆಲ್ ನಡೆಸುತ್ತಿದ್ದ, ಕುಂದಾಪುರದ ಕಡೆಯ ಒಬ್ಬರ ಸ್ಕ್ಯಾನಿಗೆ ನಾನು ಹೀಗೆಯೇ ‘ಮೂಳೆ ಇಲ್ಲ’ ಎಂದು ಬರೆದುಕೊಟ್ಟಿದ್ದೆ. ಅದನ್ನು ನಂಬಿ ಮೂಳೆ ಕಸಿ ಮಾಡಲು ಒಸಡು ಬಿಡಿಸಿದ ಶಸ್ತ್ರವೈದ್ಯರು ಅಲ್ಲಿಂದಲೇ ನನಗೆ ಫೋನ್ ಮಾಡಿದರು: ತೆಳುವಾದರೂ ಗಟ್ಟಿಯಾದ ಗೋಡೆ ಇಂಪ್ಲಾಂಟಿನ ಉದ್ದಕ್ಕೂ ಇತ್ತು. ಬೇಡದ ಒಂದು ಶಸ್ತ್ರಚಿಕಿತ್ಸೆ, ಅವರ ಹೋಟೆಲಿಗೆ ಒಂದು ವಾರದ ರಜೆ, ಹೊಲಿಗೆಯ ನೋವು, ಇವಿಷ್ಟೂ ನನ್ನ ಆ ಎರಡು ಪದಗಳಿಂದ ಆದವು. ಅಂದಿನಿಂದ ಇಂಪ್ಲಾಂಟಿನ ವ್ಯಾಸವನ್ನು ಪರದೆಯ ಮೇಲೆ ಅಳೆದು ಸ್ಟಿಕ್ಕರಿಗೆ ಹೋಲಿಸದೆ ಪಕ್ಕದ ಮೂಳೆಯ ಬಗ್ಗೆ ನಾನು ಒಂದು ಸಾಲನ್ನೂ ಬರೆಯುವುದಿಲ್ಲ.

ಕಪ್ಪಾಗಿ ಕಂಡದ್ದೆಲ್ಲ ಆರ್ಟಿಫ್ಯಾಕ್ಟ್ ಎಂದು ತಳ್ಳಿಹಾಕುವುದೂ ತಪ್ಪೇ, ಏಕೆಂದರೆ ಇಂಪ್ಲಾಂಟಿನ ಸುತ್ತ ಮೂಳೆ ನಿಜವಾಗಿಯೂ ಕರಗುವುದುಂಟು. ಆರ್ಟಿಫ್ಯಾಕ್ಟ್ ಲೋಹದಿಂದ ಲೋಹಕ್ಕೆ ನೇರ ಗೆರೆಯಲ್ಲಿ ಸಾಗುತ್ತದೆ, ಹಲ್ಲಿನ ಬೇರು, ಮೂಳೆ, ನಾಲಿಗೆ ಯಾವುದನ್ನೂ ಲೆಕ್ಕಿಸದೆ ಎಲ್ಲವನ್ನೂ ದಾಟುತ್ತದೆ. ನಿಜವಾದ ಮೂಳೆ ಸವೆತ ದೇಹರಚನೆಯನ್ನು ಅನುಸರಿಸುತ್ತದೆ: ಇಂಪ್ಲಾಂಟಿನ ಕೊರಳಿನಿಂದ ಆರಂಭವಾಗಿ ಬಟ್ಟಲಿನಂತೆ ಕೆಳಗಿಳಿಯುತ್ತದೆ, ಸ್ಕ್ಯಾನಿನ ಅಕ್ಕಪಕ್ಕದ ಹಲವು ಸೀಳುಗಳಲ್ಲಿ (ಚಿತ್ರವನ್ನು ತೆಳುವಾಗಿ ಕತ್ತರಿಸಿ ತೋರಿಸುವ ಪದರಗಳಲ್ಲಿ) ಅದೇ ಆಕಾರದಲ್ಲಿ ಮುಂದುವರಿಯುತ್ತದೆ. ಮುಖ್ಯವಾಗಿ, ಬಾಯಿಯಲ್ಲಿ ಅದಕ್ಕೆ ಸಾಕ್ಷಿ ಇರುತ್ತದೆ. ದಂತವೈದ್ಯರು ಪ್ರೋಬ್ ಎಂಬ ಗೆರೆ ಹಾಕಿದ ಸಣ್ಣ ಕಡ್ಡಿಯನ್ನು ಒಸಡಿನ ಅಂಚಿನಲ್ಲಿ ಇಳಿಸಿದಾಗ ಅದು ಮೊದಲಿಗಿಂತ ಆಳಕ್ಕೆ ಹೋಗುತ್ತದೆ, ರಕ್ತ ಅಥವಾ ಕೀವು ಬರುತ್ತದೆ. ನಿಮ್ಮ ತಾಯಿಯವರಿಗೆ ಈ ಪರೀಕ್ಷೆ ಆಗಿದೆಯೇ ಎಂದು ನೀವು ಬರೆದಿಲ್ಲ. ಆಗದಿದ್ದರೆ ಐದು ನಿಮಿಷದ ಈ ಕೆಲಸ ಮೊದಲು ಆಗಲಿ. ಜೊತೆಗೆ, ಹೋಲ್ಡರ್ ಬಳಸಿ ಸಮಾನಾಂತರ ವಿಧಾನದಲ್ಲಿ ತೆಗೆದ ಒಂದು ಸಣ್ಣ ಎಕ್ಸ್‌ರೇ ಇರಲಿ. ಅದರಲ್ಲಿ ಕೆನ್ನೆಯ ಕಡೆಯ ಗೋಡೆ ಕಾಣುವುದಿಲ್ಲ ನಿಜ, ಆದರೆ ಇಂಪ್ಲಾಂಟಿನ ಹಿಂದೆ ಮುಂದೆ ಮೂಳೆಯ ಮಟ್ಟ ಅದರ ಎಷ್ಟನೆಯ ಸ್ಕ್ರೂ ಎಳೆಯವರೆಗೆ ಇದೆ ಎಂಬುದು ಸಿಬಿಸಿಟಿಗಿಂತ ಸ್ಪಷ್ಟವಾಗಿ ಕಾಣುತ್ತದೆ, ಅಲ್ಲಿ ಈ ಬಗೆಯ ಗೆರೆಗಳ ಕಾಟವೂ ಇಲ್ಲ.

ಈಗ 1.4 ಮಿಲಿಮೀಟರಿನ ಆ ವ್ಯತ್ಯಾಸಕ್ಕೆ ಬರೋಣ. ಇಷ್ಟನ್ನೂ ಲೋಹದ ತಲೆಗೆ ಕಟ್ಟಲು ನನ್ನ ಮನಸ್ಸು ಒಪ್ಪುವುದಿಲ್ಲ. ಲೋಹದ ಗೆರೆಗಳು ಬಹುತೇಕ ಯಂತ್ರ ತಿರುಗುವ ಸಮತಲದಲ್ಲೇ ಹರಡುತ್ತವೆ. ಕ್ಯಾಪ್ ಇರುವ ಮಟ್ಟಕ್ಕಿಂತ ಬಹಳ ಕೆಳಗಿರುವ ನರದ ನಾಳಕ್ಕೆ ಅವು ಅಷ್ಟಾಗಿ ತಾಗುವುದಿಲ್ಲ. ಮೇಲಿನ ಬಿಂದು, ಅಂದರೆ ಮೂಳೆಯ ಏಣು ಎಲ್ಲಿ ಆರಂಭವಾಗುತ್ತದೆ ಎಂಬುದು ಮಾತ್ರ ಗೆರೆಗಳ ನಡುವೆ ಸಿಕ್ಕಿಕೊಳ್ಳಬಹುದು. ಬಿಳಿ ಗೆರೆಯೊಂದನ್ನು ಮೂಳೆಯ ಅಂಚೆಂದು ಭಾವಿಸಿದವರಿಗೆ ಎತ್ತರ ಹೆಚ್ಚು ಬರುತ್ತದೆ. ಇನ್ನೊಂದು ಕಾರಣ ಸೀಳಿನ ಓರೆ. ಅಡ್ಡಸೀಳಿನಲ್ಲಿ ಅಳತೆಯ ಗೆರೆ 15 ಡಿಗ್ರಿ ವಾಲಿದರೆ 10.2 ಇದ್ದದ್ದು ಸುಮಾರು 10.6 ಆಗುತ್ತದೆ, 20 ಡಿಗ್ರಿ ವಾಲಿದರೆ ಸುಮಾರು 10.9. ಗದ್ದ ಎತ್ತಿ ಕೂರಿಸಿ ತೆಗೆದ ಸ್ಕ್ಯಾನನ್ನು ಸಾಫ್ಟ್‌ವೇರಿನಲ್ಲಿ ನೇರ ಮಾಡಿಕೊಳ್ಳದೆ ಅಳೆದರೆ ಇಷ್ಟು ಓರೆ ಸುಲಭವಾಗಿ ಬಂದುಬಿಡುತ್ತದೆ. ಇವೆರಡೂ ಸೇರಿದರೆ ನಿಮ್ಮ 1.4 ಮಿಲಿಮೀಟರ್ ಕೈಗೆ ಸಿಕ್ಕಂತೆಯೇ. ಆದ್ದರಿಂದ ಎರಡೂ ಸೆಂಟರ್‌ಗಳಿಂದ ಡೈಕಾಮ್ ಫೈಲುಗಳನ್ನು, ಅಂದರೆ ಸ್ಕ್ಯಾನಿನ ಮೂಲ ಡಿಜಿಟಲ್ ಫೈಲುಗಳನ್ನು, ಸಿಡಿಯಲ್ಲೋ ಪೆನ್‌ಡ್ರೈವಿನಲ್ಲೋ ಪಡೆದುಕೊಳ್ಳಿ. ಅಚ್ಚು ಹಾಕಿದ ಫಿಲ್ಮ್ ಮತ್ತು ವಾಟ್ಸಾಪಿನಲ್ಲಿ ಬಂದ ಚಿತ್ರ ಅಳತೆಗೆ ಉಪಯೋಗಕ್ಕೆ ಬಾರವು. ಎರಡನ್ನೂ ಒಬ್ಬರೇ ದಂತ ರೇಡಿಯಾಲಜಿಸ್ಟ್, ಒಂದೇ ಸಾಫ್ಟ್‌ವೇರಿನಲ್ಲಿ, ಒಂದೇ ಓರೆಯಲ್ಲಿ, ಬೆಳಕು-ಕಪ್ಪಿನ ಹೊಂದಾಣಿಕೆಯನ್ನೂ ಒಂದೇ ರೀತಿ ಇಟ್ಟು ಅಳೆಯಲಿ. ಈ ಹೊಂದಾಣಿಕೆ ಬದಲಾದರೆ ಲೋಹದ ಉಬ್ಬೂ ಬದಲಾಗುತ್ತದೆ. ಮುಂಬೈಯಲ್ಲಿ ನಾಯರ್ ಆಸ್ಪತ್ರೆಯ ದಂತ ಕಾಲೇಜಿನಲ್ಲೂ ಸಿಎಸ್‌ಎಂಟಿ ಬಳಿಯ ಸರ್ಕಾರಿ ದಂತ ಕಾಲೇಜಿನಲ್ಲೂ ಇದಕ್ಕೆಂದೇ ವಿಭಾಗಗಳಿವೆ. ಹತ್ತರಲ್ಲಿ ಏಳೆಂಟು ಸಲ ಇಷ್ಟರಲ್ಲೇ ಸಮಸ್ಯೆ ಬಗೆಹರಿಯುವುದನ್ನು ನಾನು ಕಂಡಿದ್ದೇನೆ.

ಇಷ್ಟಾದರೂ ಬಗೆಹರಿಯದೆ ಮತ್ತೆ ಸ್ಕ್ಯಾನ್ ಬೇಕೆಂದಾದರೆ, ಆ ಮೂರನೆಯದು ಮೊದಲ ಎರಡರಂತೆಯೇ ಇದ್ದರೆ ಏನೂ ಪ್ರಯೋಜನವಿಲ್ಲ. ಲೋಹದ ದೋಷವನ್ನು ಕಡಿಮೆ ಮಾಡುವ ಕೆಲಸ ಬಹುಪಾಲು ಆಗಬೇಕಾದದ್ದು ಗುಂಡಿ ಒತ್ತುವ ಮೊದಲು, ರೋಗಿಯನ್ನು ಕೂರಿಸುವಾಗ. ಇದಕ್ಕೆ ದುಬಾರಿ ಯಂತ್ರ ಬೇಡ, ಹತ್ತು ನಿಮಿಷದ ತಾಳ್ಮೆ ಬೇಕು.

ತೆಗೆಯಬಹುದಾದ ಲೋಹವನ್ನೆಲ್ಲ ತೆಗೆಯಬೇಕು. ಹಳೆಯ ಇಂಪ್ಲಾಂಟಿನ ಮೇಲಿನ ಕ್ಯಾಪ್ ಸ್ಕ್ರೂನಿಂದ ಕೂರಿಸಿದ್ದಾದರೆ ದಂತವೈದ್ಯರು ಅದನ್ನು ಬಿಚ್ಚಿ, ಸ್ಕ್ಯಾನ್ ಆದ ಮೇಲೆ ಮತ್ತೆ ಕೂರಿಸಬಹುದು. ಸಿಮೆಂಟಿನಿಂದ ಅಂಟಿಸಿದ್ದಾದರೆ ಸ್ಕ್ಯಾನಿಗಾಗಿ ಒಡೆಯುವುದು ಬೇಡ. ಓಲೆ, ಮೂಗುಬೊಟ್ಟು, ಹೇರ್‌ಪಿನ್, ಮಂಗಳಸೂತ್ರ ಎಲ್ಲವೂ ಕಳಚಿರಬೇಕು. ನಮ್ಮ ಹಿರಿಯ ಹೆಂಗಸರಿಗೆ ಮಂಗಳಸೂತ್ರ ತೆಗೆಯಿರಿ ಎಂದು ಟೆಕ್ನಿಷಿಯನ್ ಹುಡುಗ ಹೇಳಿದರೆ ಮನಸ್ಸಿಗೆ ನೋವಾಗುತ್ತದೆ, ಬೇಡವೆಂದು ಸೆರಗಿನೊಳಗೆ ಸೇರಿಸಿಕೊಂಡು ಕೂರುತ್ತಾರೆ. ಕೆಳದವಡೆಯ ಸ್ಕ್ಯಾನಿನಲ್ಲಿ ಕತ್ತಿನ ಸರ ಕಿರಣದ ದಾರಿಗೆ ಅಡ್ಡ ಬರುವ ಸಾಧ್ಯತೆ ನಿಜವಾಗಿಯೂ ಇದೆ. ನೀವು ಜೊತೆಗೆ ಹೋಗಿ, ಅದನ್ನು ಕರವಸ್ತ್ರದಲ್ಲಿ ಕಟ್ಟಿ ನಿಮ್ಮ ಕೈಯಲ್ಲಿ ಹಿಡಿದುಕೊಳ್ಳಿ. ಎರಡು ನಿಮಿಷದ ಮಾತು ಎಂದು ತಾಯಿಯವರಿಗೆ ಮನೆಯಲ್ಲೇ ತಿಳಿಸಿಕೊಂಡು ಬನ್ನಿ.

ಕೂರಿಸುವಾಗ ಹಲ್ಲುಗಳ ಸಾಲು ನೆಲಕ್ಕೆ ಸಮಾನಾಂತರವಾಗಿರಬೇಕು. ಗೆರೆಗಳು ಯಂತ್ರ ತಿರುಗುವ ಸಮತಲದಲ್ಲಿ ಹರಡುತ್ತವೆ ಎಂದೆನಲ್ಲವೇ? ಹಲ್ಲಿನ ಸಾಲು ಆ ಸಮತಲಕ್ಕೆ ಸಮನಾಗಿದ್ದರೆ ಕ್ಯಾಪಿನ ಗೆರೆಗಳು ಕ್ಯಾಪಿನ ಮಟ್ಟದಲ್ಲೇ ಉಳಿದು, ಕೆಳಗಿನ ಮೂಳೆ ಶುದ್ಧವಾಗಿ ಕಾಣುತ್ತದೆ. ಗದ್ದ ಮೇಲಕ್ಕೋ ಕೆಳಕ್ಕೋ ವಾಲಿದರೆ ಒಂದು ಹಲ್ಲಿನ ಕ್ಯಾಪಿನ ಗೆರೆ ಇನ್ನೊಂದು ಜಾಗದ ಮೂಳೆಯ ಮೇಲೆ ಹಾದುಹೋಗುತ್ತದೆ. ಮೇಲಿನ ಮತ್ತು ಕೆಳಗಿನ ಹಲ್ಲುಗಳ ನಡುವೆ ಹತ್ತಿಯ ಉರುಳೆ ಕಚ್ಚಿಸಿದರೆ ಮೇಲ್ದವಡೆಯ ಲೋಹ ದೂರ ಸರಿಯುತ್ತದೆ. ಕೆನ್ನೆಗೂ ಒಸಡಿಗೂ ನಡುವೆ ಇನ್ನೊಂದು ಉರುಳೆ ಇಡುವುದು ಹಲವು ಸೆಂಟರ್‌ಗಳಲ್ಲಿ ರೂಢಿಯಲ್ಲಿಲ್ಲ, ಆದರೆ ನಿಮ್ಮ ತಾಯಿಯವರ ಪ್ರಶ್ನೆಗೆ ಇದೇ ಬಹಳ ಮುಖ್ಯ: ಕೆನ್ನೆ ಒಸಡಿಗೆ ಅಂಟಿಕೊಂಡಿದ್ದರೆ ಒಸಡು ಎಲ್ಲಿ ಮುಗಿಯಿತು ಎಂದೇ ತಿಳಿಯದು, ಬಿಡಿಸಿದಾಗ ಒಸಡಿನ ಹೊರ ಅಂಚು ಗಾಳಿಯ ಕಪ್ಪಿನೆದುರು ಎದ್ದು ಕಾಣುತ್ತದೆ, ಅದರ ಒಳಗಿನ ತೆಳು ಮೂಳೆಯನ್ನು ಹುಡುಕುವ ಕಣ್ಣಿಗೆ ಒಂದು ಗುರುತು ಸಿಗುತ್ತದೆ. ಯಂತ್ರ ತಿರುಗುವಷ್ಟು ಹೊತ್ತು ಉಗುಳು ನುಂಗದೆ, ಅಲುಗಾಡದೆ ಇರಬೇಕು. ಲೋಹದ ಜೊತೆಗೆ ಅಲುಗಾಟವೂ ಸೇರಿದರೆ ಆ ಚಿತ್ರವನ್ನು ಯಾರಿಂದಲೂ ಸರಿಪಡಿಸಲಾಗದು.

ಯಂತ್ರದ ಸೆಟ್ಟಿಂಗ್ ವೈದ್ಯರಿಗೆ ಬಿಟ್ಟದ್ದು, ಆದರೂ ಕೇಳಲು ನಿಮಗೆ ಹಕ್ಕಿದೆ. ಕಿಲೋವೋಲ್ಟ್ ಹೆಚ್ಚಿದ್ದಷ್ಟೂ ಕಿರಣ ಲೋಹವನ್ನು ಚೆನ್ನಾಗಿ ದಾಟುತ್ತದೆ. 70ಕ್ಕಿಂತ 90 ಒಳ್ಳೆಯದು, ಕೆಲವು ಯಂತ್ರಗಳಲ್ಲಿ 120ರವರೆಗೂ ಇದೆ. ಮಿಲಿಆಂಪಿಯರ್ ಏರಿಸಿದರೆ ಚಿತ್ರದ ಕಾಳುಕಾಳು ಕಡಿಮೆಯಾಗುತ್ತದೆಯೇ ಹೊರತು ಕಿರಣ ಗಡುಸಾಗುವುದು ನಿಲ್ಲುವುದಿಲ್ಲ, ವಿಕಿರಣದ ಪ್ರಮಾಣ ಮಾತ್ರ ಅದೇ ಅನುಪಾತದಲ್ಲಿ ಏರುತ್ತದೆ. ಪೂರ್ತಿ ಎರಡೂ ದವಡೆಯ ಬದಲು ಬೇಕಾದಷ್ಟೇ ಭಾಗದ ಸಣ್ಣ ಸ್ಕ್ಯಾನ್ ಸಾಕು.

ಈಚಿನ ಬಹಳಷ್ಟು ಯಂತ್ರಗಳಲ್ಲಿ ಲೋಹದ ದೋಷ ಅಳಿಸುವ ‘ಮಾರ್’ ಎಂಬ ಸೌಲಭ್ಯವಿದೆ, ಸೆಂಟರ್‌ಗಳು ಅದನ್ನು ಹೆಮ್ಮೆಯಿಂದ ಹೇಳಿಕೊಳ್ಳುತ್ತವೆ. ಅದು ಮಾಡುವುದಿಷ್ಟು: ಲೋಹವೆಂದು ಗುರುತಿಸಿದ ಭಾಗದ ಕೆಟ್ಟ ಮಾಹಿತಿಯನ್ನು ತೆಗೆದುಹಾಕಿ, ಅಕ್ಕಪಕ್ಕದ ಮಾಹಿತಿಯಿಂದ ಅಂದಾಜು ಮಾಡಿ ಆ ಖಾಲಿಯನ್ನು ತುಂಬುತ್ತದೆ. ಚಿತ್ರ ಕಣ್ಣಿಗೆ ಹಿತವಾಗುತ್ತದೆ. ಆದರೆ ಲೋಹಕ್ಕೆ ಅಂಟಿಕೊಂಡ ಅರ್ಧ ಮಿಲಿಮೀಟರಿನ ಮೂಳೆ ಈ ತುಂಬುವಿಕೆಯಲ್ಲಿ ಅಳಿಸಿಹೋಗಬಹುದು, ಇಲ್ಲದ ಮೂಳೆ ಇದ್ದಂತೆಯೂ ಕಾಣಬಹುದು. ಇಂಪ್ಲಾಂಟಿನ ಸುತ್ತಲಿನ ದೋಷಗಳನ್ನು ಪತ್ತೆಹಚ್ಚುವಲ್ಲಿ ಇದರ ಉಪಯೋಗದ ಬಗ್ಗೆ ಅಧ್ಯಯನಗಳು ಒಮ್ಮತಕ್ಕೆ ಬಂದಿಲ್ಲ. ಆದ್ದರಿಂದ ಮಾರ್ ಹಾಕಿದ ಮತ್ತು ಹಾಕದ ಎರಡೂ ಚಿತ್ರಗಳನ್ನು ಕೊಡಿ ಎಂದು ಕೇಳಿ. ಹಲವು ಯಂತ್ರಗಳಲ್ಲಿ ಒಂದೇ ಸ್ಕ್ಯಾನಿನಿಂದ ಎರಡನ್ನೂ ಕಟ್ಟಬಹುದು, ಮತ್ತೆ ಕಿರಣ ಬಿಡಬೇಕಾಗಿಲ್ಲ. ಹೊಸ ಇಂಪ್ಲಾಂಟ್ ಬರುವ ಜಾಗವನ್ನು ನೋಡಲು ಮಾರ್ ನೆರವಾಗಬಹುದು. ಹಳೆಯದರ ಅಂಚಿನ ಮೂಳೆಯನ್ನು ಅಳೆಯಲು ನಾನು ಅದನ್ನು ನೆಚ್ಚುವುದಿಲ್ಲ.

ವಿಕಿರಣದ ಬಗ್ಗೆ ನಿಮಗಿರುವ ಅಳುಕು ಸಹಜ. ಸಣ್ಣ ಭಾಗದ ಒಂದು ದಂತ ಸಿಬಿಸಿಟಿಯಿಂದ ಬರುವ ಪ್ರಮಾಣ ಯಂತ್ರವನ್ನು ಅವಲಂಬಿಸಿ ಕೆಲವು ಹತ್ತು ಮೈಕ್ರೋಸೀವರ್ಟ್‌ಗಳಿಂದ ಕೆಲವು ನೂರರವರೆಗೆ ಇರುತ್ತದೆ. ನೆಲ, ಗಾಳಿ, ಆಕಾಶಗಳಿಂದ ಮನುಷ್ಯನಿಗೆ ವರ್ಷವೊಂದಕ್ಕೆ ಸಹಜವಾಗಿ ಬರುವುದು ಜಗತ್ತಿನ ಸರಾಸರಿಯಲ್ಲಿ ಸುಮಾರು 2,400 ಮೈಕ್ರೋಸೀವರ್ಟ್. ಅವಶ್ಯವಿದ್ದರೆ ಹೆದರಬೇಕಾದಷ್ಟಲ್ಲ, ಅವಶ್ಯವಿಲ್ಲದಿದ್ದರೆ ಅಷ್ಟೂ ಬೇಡ. ಇಂಥ ಯಂತ್ರಗಳಿಗೆ ಅನುಮತಿ ಕೊಡುವ ಪರಮಾಣು ಶಕ್ತಿ ನಿಯಂತ್ರಣ ಮಂಡಳಿ ನಿಮ್ಮ ಮುಲುಂಡ್‌ನಿಂದ ಹೆಚ್ಚು ದೂರವಿಲ್ಲದ ಅಣುಶಕ್ತಿನಗರದಲ್ಲೇ ಇದೆ. ಸೆಂಟರಿನಲ್ಲಿ ಆ ಅನುಮತಿಪತ್ರ ಇದೆಯೇ ಎಂದು ಕೇಳುವುದರಲ್ಲಿ ಸಂಕೋಚ ಬೇಡ.

ಡೈಕಾಮ್ ಫೈಲುಗಳ ಜೊತೆ ಹಳೆಯ ಇಂಪ್ಲಾಂಟಿನ ಸ್ಟಿಕ್ಕರನ್ನೂ ತೆಗೆದುಕೊಂಡು ಹೋಗುವುದನ್ನು ಮರೆಯಬೇಡಿ. ನಿಮ್ಮ ಬಳಿ ಇಲ್ಲದಿದ್ದರೆ, ಅದನ್ನು ಹಾಕಿದ ಕ್ಲಿನಿಕ್ಕಿನಲ್ಲಿ ತಾಯಿಯವರ ಕೇಸ್ ಪೇಪರಿನ ಮೇಲೆ ಅಂಟಿಸಿರುತ್ತಾರೆ. ಫೋನಿನಲ್ಲಿ ಅದರ ಒಂದು ಫೋಟೋ ತೆಗೆದುಕೊಂಡರೂ ಸಾಕು.